ಸ್ಪ್ಯಾನಿಷ್ ಶುರುವಿನ ಪಾಠಗಳನ್ನು ಮತ್ತೆ ತಿರುವಿ ಹಾಕುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಒಂದು ಮಾತು. ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಪದದಲ್ಲಿ ಎಲ್ಲಿ ಒತ್ತು ಬೀಳುತ್ತದೋ ಅಲ್ಲಿ ದೀರ್ಘ ಹಾಕಿದ್ದೇನೆ, ಒಂದೇ ಉಚ್ಚಾರದ (ಸಿಲಬಲ್‌ನ) ಪುಟ್ಟ ಪದಗಳಿಗೆ ಬಹುಪಾಲು ಹಾಕಿಲ್ಲ. ಕಾಸ ಅಂತ ಇದ್ದರೆ 'ಕಾ' ಮೇಲೆ ಒತ್ತು, ಕಫೇ ಅಂತ ಇದ್ದರೆ 'ಫೇ' ಮೇಲೆ. ಉಚ್ಚಾರ ಲ್ಯಾಟಿನ್ ಅಮೆರಿಕದ್ದು.

ಕೋರ್ಸ್ ಮುಗಿದು ತಿಂಗಳುಗಳಾದವು, ಎಲ್ಲ ಮರೆತ ಹಾಗಿದೆ. ಎಲ್ಲಿಂದ ಹಿಡಿಯಲಿ?

ಕ್ರಿಯಾಪದದ ಕೊನೆಗಳಿಂದ. ಮಿಕ್ಕಿದ್ದೆಲ್ಲ ಆಮೇಲೆ.

ಆಬ್ಲೊ ಅಂದರೆ ಮಾತಾಡುತ್ತೇನೆ, ಆಬ್ಲಸ್ ಅಂದರೆ ಮಾತಾಡುತ್ತೀಯ, ಆಬ್ಲ ಅಂದರೆ ಮಾತಾಡುತ್ತಾನೆ ಅಥವಾ ಮಾತಾಡುತ್ತಾಳೆ, ಅಬ್ಲಾಮೊಸ್ ಅಂದರೆ ಮಾತಾಡುತ್ತೇವೆ, ಆಬ್ಲನ್ ಅಂದರೆ ಮಾತಾಡುತ್ತಾರೆ. ಯಾರು ಅನ್ನೋದು ಕ್ರಿಯಾಪದದ ಬಾಲದಲ್ಲೇ ಇದೆ. ನಾವು 'ನಾಳೆ ಬರ್ತೀನಿ' ಅಂದಾಗ 'ನಾನು' ಹೇಳೋದಿಲ್ಲ, ಅಲ್ವಾ? ಸ್ಪ್ಯಾನಿಷ್‌ನವರೂ ಅಷ್ಟೇ. ಪ್ರತಿ ವಾಕ್ಯಕ್ಕೂ 'ಯೊ, ಯೊ' ಅಂತ ಹಚ್ಚುವುದು ಇಂಗ್ಲಿಷ್ ಮೂಲಕ ಕಲಿತವರ ಚಾಳಿ. ಅದನ್ನು ಬಿಟ್ಟರೆ ಅರ್ಧ ಸಹಜತೆ ಬಂದಂತೆ.

ನನ್ನ ಪ್ರಕಾರ ಕನ್ನಡದವರು ಮಾಡುವ ದೊಡ್ಡ ಎಡವಟ್ಟು ಇದೇ. ಪುಸ್ತಕ ಇಂಗ್ಲಿಷಿನಲ್ಲಿದೆ ಅಂತ ನಾವೂ ಮೊದಲು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಸ್ಪ್ಯಾನಿಷ್‌ಗೆ ಹೋಗುತ್ತೇವೆ. ಇಂಗ್ಲಿಷಿನವರಿಗೆ ಕಷ್ಟವಾದ ಎಷ್ಟೋ ಸಂಗತಿ ಕನ್ನಡದಲ್ಲಿ ಆಗಲೇ ಇದೆ. ಈ ಪುಟದಲ್ಲಿ ಜಾಸ್ತಿ ಅವನ್ನೇ ತೋರಿಸುತ್ತೇನೆ.

ಸೆರ್ ಮತ್ತು ಎಸ್ತಾರ್, ಎರಡೂ 'ಇರು' ತಾನೇ? ಯಾವಾಗ ಯಾವುದು?

'ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್' ಅಂತ ಹೇಳಿಕೊಟ್ಟಿರುತ್ತಾರೆ. ಆ ಸೂತ್ರ ಬೇಗ ಕೈಕೊಡುತ್ತದೆ. ಮ್ಯಾಡ್ರಿಡ್ ಸ್ಪೇನ್‌ನಲ್ಲಿ ಇರುವುದು ಶಾಶ್ವತ, ಆದರೂ ಎಸ್ತಾರ್. ಸತ್ತವನು ಸತ್ತೇ ಇರುತ್ತಾನೆ, ಆದರೂ ಎಸ್ತಾ ಮ್ವೇರ್ತೊ.

ಅದರ ಬದಲು ಹೀಗೆ ಮಾಡಿ. ವಾಕ್ಯವನ್ನು ಕನ್ನಡದಲ್ಲಿ ಹೇಳಿ, ಕೊನೆಯ 'ಇದೆ', 'ಇದ್ದಾನೆ' ಕಿತ್ತು ಹಾಕಿ ನೋಡಿ. ಕಿತ್ತರೂ ವಾಕ್ಯ ನಿಂತರೆ ಸೆರ್, ಕುಸಿದರೆ ಎಸ್ತಾರ್. 'ನಾನು ಟೀಚರ್' ನಿಲ್ಲುತ್ತದೆ, ಹಾಗಾಗಿ ಸೊಯ್ ಪ್ರೊಫೆಸೋರ್. 'ಮನೆ ದೊಡ್ಡದು' ನಿಲ್ಲುತ್ತದೆ, ಲ ಕಾಸ ಎಸ್ ಗ್ರಾಂದೆ. 'ಅವಳು ಎತ್ತರ', ಎಸ್ ಆಲ್ತ. ಆದರೆ 'ಬಾಗಿಲು ತೆರೆದಿದೆ', 'ಅವಳು ಮನೆಯಲ್ಲಿದ್ದಾಳೆ', 'ಮ್ಯಾಡ್ರಿಡ್ ಸ್ಪೇನ್‌ನಲ್ಲಿದೆ', 'ಸತ್ತಿದ್ದಾನೆ' ಇವುಗಳಲ್ಲಿ 'ಇರು'ವನ್ನು ಕಿತ್ತರೆ ಏನೂ ಉಳಿಯಲ್ಲ. ಎಲ್ಲವೂ ಎಸ್ತಾರ್.

ಈ ಪರೀಕ್ಷೆ ಸೋಲುವ ಒಂದು ಜಾಗ ಗೊತ್ತಿರಲಿ. ಕಾರ್ಯಕ್ರಮ, ಮೀಟಿಂಗ್, ಪಾರ್ಟಿ ಎಲ್ಲಿ ನಡೆಯುತ್ತದೆ ಅಂತ ಹೇಳುವಾಗ ಸೆರ್ ಬೇಕು. 'ಮೀಟಿಂಗ್ ಇಲ್ಲಿದೆ' ಅನ್ನಲು ಲ ರೆಉನ್ಯೋನ್ ಎಸ್ ಅಕೀ. ಇನ್ನು ಕೆಲವು ಪದಗಳು ಎರಡರ ಜೊತೆಗೂ ಹೋಗಿ ಅರ್ಥ ಬದಲಿಸುತ್ತವೆ. ಎಸ್ ಅಬುರ್ರೀದೊ ಅಂದರೆ ಅವನು ಬೋರು ಹೊಡೆಸುವ ಆಸಾಮಿ, ಎಸ್ತಾ ಅಬುರ್ರೀದೊ ಅಂದರೆ ಪಾಪ ಅವನಿಗೇ ಬೋರಾಗಿದೆ. ನಿಮ್ಮ ಬಗ್ಗೆ ಹೇಳಿಕೊಳ್ಳುವಾಗ ಹುಷಾರು.

ಆಯ್ ಮತ್ತು ಎಸ್ತಾ ಎರಡಕ್ಕೂ ಕನ್ನಡದಲ್ಲಿ 'ಇದೆ' ಬರುತ್ತದಲ್ಲ?

ಹೌದು, ಆದರೆ ನಾವು ಪದಗಳ ಜಾಗ ಬದಲಿಸುತ್ತೇವೆ. 'ಮೇಜಿನ ಮೇಲೆ ಪುಸ್ತಕ ಇದೆ' ಅಂದರೆ ಯಾವುದೋ ಒಂದು ಪುಸ್ತಕ, ಎನ್ ಲ ಮೇಸ ಆಯ್ ಉನ್ ಲೀಬ್ರೊ. 'ಪುಸ್ತಕ ಮೇಜಿನ ಮೇಲಿದೆ' ಅಂದರೆ ನಮಗೆ ಗೊತ್ತಿರುವ ಅದೇ ಪುಸ್ತಕ, ಎಲ್ ಲೀಬ್ರೊ ಎಸ್ತಾ ಎನ್ ಲ ಮೇಸ. ಕನ್ನಡದಲ್ಲಿ ಯಾವುದು ಮೊದಲು ಬಾಯಿಗೆ ಬಂತು ಅಂತ ಗಮನಿಸಿದರೆ ಸಾಕು. ಆಯ್ ಏಕವಚನ, ಬಹುವಚನ ಎರಡಕ್ಕೂ ಒಂದೇ.

'ಯೊ ಗೂಸ್ತೊ ಕಫೇ' ಅಂತ ಬರೆದರೆ ಕೆಂಪು ಗೆರೆ ಬೀಳುತ್ತದೆ. ಯಾಕೆ?

ಯಾಕೆಂದರೆ ನೀವು 'ನಾನು ಕಾಫಿಯನ್ನು ಇಷ್ಟಪಡುತ್ತೇನೆ' ಅಂತ ಕಟ್ಟಿದ್ದೀರಿ. ದಿನಾ ಮಾತಾಡುವಾಗ ಹಾಗೆ ಹೇಳುತ್ತೀರಾ? ಇಲ್ಲ. 'ನನಗೆ ಕಾಫಿ ಇಷ್ಟ' ಅನ್ನುತ್ತೀರಿ. ಅದನ್ನೇ ಹೇಳಿ: ಮೆ ಗೂಸ್ತ ಎಲ್ ಕಫೇ. ಮೆ ಅಂದರೆ ನನಗೆ, ತೆ ಅಂದರೆ ನಿನಗೆ, ಲೆ ಅಂದರೆ ಅವನಿಗೆ, ಅವಳಿಗೆ ಅಥವಾ ನಿಮಗೆ, ನೊಸ್ ಅಂದರೆ ನಮಗೆ, ಲೆಸ್ ಅಂದರೆ ಅವರಿಗೆ. ಇಷ್ಟವಾಗುವ ವಸ್ತು ಒಂದಾದರೆ ಗೂಸ್ತ, ಹಲವಾದರೆ ಗೂಸ್ತನ್: ಮೆ ಗೂಸ್ತನ್ ಲೊಸ್ ಲೀಬ್ರೊಸ್.

ಇದೇ ಅಚ್ಚಿನಲ್ಲಿ ಇನ್ನೂ ಇವೆ. ಮೆ ದ್ವೇಲೆ ಲ ಕಬೇಸ, ನನಗೆ ತಲೆ ನೋಯುತ್ತಿದೆ. ಮೆ ಪರೇಸೆ, ನನಗೆ ಅನ್ನಿಸುತ್ತದೆ. ಮೆ ಫಾಲ್ತ, ನನಗೆ ಕಡಿಮೆ ಬಿದ್ದಿದೆ.

ಆದರೆ ಇದೇ ಧೈರ್ಯದಲ್ಲಿ ಹಸಿವಿಗೂ 'ನನಗೆ' ಹಚ್ಚಬೇಡಿ. ಅಲ್ಲಿ ಸ್ಪ್ಯಾನಿಷ್ ಬೇರೆ ದಾರಿ ಹಿಡಿಯುತ್ತದೆ. ಹಸಿವು, ಬಾಯಾರಿಕೆ, ನಿದ್ದೆ, ಚಳಿ, ಸೆಕೆ, ಹೆದರಿಕೆ, ಅವಸರ ಎಲ್ಲವನ್ನೂ 'ನನ್ನ ಹತ್ತಿರ ಇದೆ' ಅನ್ನುವಂತೆ ತೇಂಗೊ ಹಾಕಿ ಹೇಳುತ್ತಾರೆ: ತೇಂಗೊ ಆಂಬ್ರೆ, ತೇಂಗೊ ಸೆದ್, ತೇಂಗೊ ಸ್ವೇನ್ಯೊ, ತೇಂಗೊ ಫ್ರೀಯೊ, ತೇಂಗೊ ಕಲೋರ್, ತೇಂಗೊ ಮ್ಯೇದೊ, ತೇಂಗೊ ಪ್ರೀಸ. ವಯಸ್ಸೂ ಹಾಗೆಯೇ, ತೇಂಗೊ ಬೇಯಿಂತೆ ಆನ್ಯೊಸ್ ಅಂದರೆ ನನಗೆ 20 ವರ್ಷ. ಆನ್ಯೊದಲ್ಲಿ ನ ಅಕ್ಷರದ ಮೇಲಿನ ಅಲೆ ಗುರುತನ್ನು ಬಿಟ್ಟು ಬರೆದರೆ ಗುದದ್ವಾರದ ಮಾತಾಗುತ್ತದೆ. ಕೀಬೋರ್ಡಿನಲ್ಲಿ ಆ ಅಕ್ಷರ ಎಲ್ಲಿದೆ ಅಂತ ಇವತ್ತೇ ಹುಡುಕಿಟ್ಟುಕೊಳ್ಳಿ.

'ಮೆ ಲಾಬೊ', 'ಮೆ ಬೀಸ್ತೊ' ಇಲ್ಲೆಲ್ಲ ಬರುವ 'ಮೆ' ಕೂಡ 'ನನಗೆ'ನಾ?

ಅಲ್ಲ. ಇದು ನಮ್ಮ 'ಕೊಳ್ಳು'. ಲಾಬೊ ಅಂದರೆ ತೊಳೆಯುತ್ತೇನೆ, ಮೆ ಲಾಬೊ ಅಂದರೆ ತೊಳೆದುಕೊಳ್ಳುತ್ತೇನೆ. ಮೆ ಪೇಯ್ನೊ, ತಲೆ ಬಾಚಿಕೊಳ್ಳುತ್ತೇನೆ. ಮೆ ಬೀಸ್ತೊ, ಬಟ್ಟೆ ಹಾಕಿಕೊಳ್ಳುತ್ತೇನೆ. ಮೆ ಸ್ಯೇಂತೊ, ಕೂತುಕೊಳ್ಳುತ್ತೇನೆ. ಮೆ ಅಕ್ವೇಸ್ತೊ, ಮಲಗಿಕೊಳ್ಳುತ್ತೇನೆ. 'ನನ್ನ ಮುಖ ತೊಳೆದುಕೊಂಡೆ' ಅಂತ ನಾವು ಹೇಳಲ್ಲ, 'ಮುಖ ತೊಳೆದುಕೊಂಡೆ' ಅಂದರೆ ಆಯಿತು. ಅವರೂ ಮೆ ಲಾಬೊ ಲ ಕಾರ ಅನ್ನುತ್ತಾರೆ, 'ನನ್ನ' ಸೇರಿಸಲ್ಲ. ಮೆ ಲೆಬಾಂತೊ (ಏಳುತ್ತೇನೆ), ಮೆ ಯಾಮೊ (ನನ್ನ ಹೆಸರು) ಇಂಥ ಕೆಲವು ಈ ಲೆಕ್ಕಕ್ಕೆ ಸಿಗಲ್ಲ, ಸುಮ್ನೆ ಬಾಯಿಪಾಠ ಮಾಡಿ.

ಮನುಷ್ಯರ ಹೆಸರಿಗೆ ಮೊದಲು 'ಅ' ಯಾಕೆ ಬರುತ್ತದೆ?

ಬೇಯೊ ಲ ಕಾಸ ಅಂದರೆ ಮನೆ ನೋಡುತ್ತೇನೆ. ಬೇಯೊ ಅ ಮರೀಯ ಅಂದರೆ ಮರಿಯಾಳನ್ನು ನೋಡುತ್ತೇನೆ. ಕನ್ನಡವನ್ನೇ ನೋಡಿ: 'ಮನೆ ನೋಡಿದೆ' ಅನ್ನಬಹುದು, 'ಮರಿಯಾ ನೋಡಿದೆ' ಅಂದರೆ ಕೆಟ್ಟು ಹೋಗುತ್ತದೆ, '-ಅನ್ನು' ಬೇಕೇ ಬೇಕು. ಸ್ಪ್ಯಾನಿಷ್‌ನ 'ಅ' ಅದೇ ಕೆಲಸ ಮಾಡುತ್ತದೆ. ಒಂದು ಎಚ್ಚರಿಕೆ, ತೆನೇರ್ (ತೇಂಗೊದ ಮೂಲ ರೂಪ) ಜೊತೆ ಇದು ಸಾಮಾನ್ಯವಾಗಿ ಬರಲ್ಲ: ತೇಂಗೊ ಉನ್ ಎರ್ಮಾನೊ, ನನಗೆ ಒಬ್ಬ ಸಹೋದರ ಇದ್ದಾನೆ.

ಮೇಜು ಹೆಣ್ಣು, ಪುಸ್ತಕ ಗಂಡು. ಇದನ್ನು ನೆನಪಿಟ್ಟುಕೊಳ್ಳೋದು ಹೇಗೆ?

ಇಲ್ಲಿ ಕನ್ನಡ ಯಾವ ಸಹಾಯಕ್ಕೂ ಬರಲ್ಲ, ನಿಜ ಹೇಳಬೇಕು. ನಮಗೆ ವಸ್ತುವೆಲ್ಲ ನಪುಂಸಕ. ಸ್ಪ್ಯಾನಿಷ್ ಪದಕ್ಕೆ ಲಿಂಗ ಇರುವುದು ಅರ್ಥದಿಂದಲ್ಲ, ಪದದ ರೂಪದಿಂದ.

'ಒ'ದಲ್ಲಿ ಮುಗಿದರೆ ಗಂಡು, 'ಅ'ದಲ್ಲಿ ಮುಗಿದರೆ ಹೆಣ್ಣು ಅನ್ನುವುದು ಬಹುಪಾಲು ಸರಿ. -ಸ್ಯೋನ್ ಮತ್ತು -ದಾದ್ ಕೊನೆಗಳು ಹೆಣ್ಣು: ಲ ಎಸ್ತಸ್ಯೋನ್, ಲ ಸ್ಯುದಾದ್. ಕೈಕೊಡುವವು ಕೆಲವೇ, ಆದರೆ ದಿನಾ ಬೇಕಾಗುವವೇ. ಎಲ್ ದೀಯ, ಎಲ್ ಮಾಪ ಗಂಡು. ಲ ಮಾನೊ, ಲ ಫೋತೊ ಹೆಣ್ಣು. ಗ್ರೀಕ್‌ನಿಂದ ಬಂದ -ಮ ಪದಗಳು ಗಂಡು: ಎಲ್ ಪ್ರೊಬ್ಲೇಮ, ಎಲ್ ಸಿಸ್ತೇಮ, ಎಲ್ ಇದ್ಯೋಮ. ಆಗ್ವ ಅಂದರೆ ನೀರು, ಹೆಣ್ಣೇ, ಆದರೆ ಒತ್ತಿನ 'ಆ'ಯಿಂದ ಶುರುವಾಗುವುದರಿಂದ ಏಕವಚನದಲ್ಲಿ ಎಲ್ ಆಗ್ವ ಅನ್ನುತ್ತಾರೆ. ಗುಣವಾಚಕ ಬಂದಾಗ ಬಣ್ಣ ಬಯಲು: ಎಲ್ ಆಗ್ವ ಫ್ರೀಯ, ಫ್ರೀಯೊ ಅಲ್ಲ.

ನೋಟ್‌ಬುಕ್‌ನಲ್ಲಿ ಪದವನ್ನು ಒಂಟಿಯಾಗಿ ಬರೆಯಬೇಡಿ. ಎಲ್ ಅಥವಾ ಲ ಸೇರಿಸಿಯೇ ಬರೆಯಿರಿ, ಸೇರಿಸಿಯೇ ಜೋರಾಗಿ ಹೇಳಿ. ಗುಣವಾಚಕ ಸಾಮಾನ್ಯವಾಗಿ ನಾಮಪದ ಆದ ಮೇಲೆ ಬರುತ್ತದೆ, ನಮ್ಮ ಹಾಗೆ ಅದಕ್ಕೆ ಮೊದಲಲ್ಲ, ಮತ್ತು ಲಿಂಗ ವಚನ ಎರಡರಲ್ಲೂ ಹೊಂದಬೇಕು: ಲಸ್ ಕಾಸಸ್ ಬ್ಲಾಂಕಸ್.

ಕ್ಯೇರೊ (ನನಗೆ ಬೇಕು) ಅನ್ನುತ್ತಾರೆ, ಕೆರೇಮೊಸ್ (ನಮಗೆ ಬೇಕು) ಅನ್ನುತ್ತಾರೆ. ಒಂದೇ ಕ್ರಿಯಾಪದಕ್ಕೆ ಎರಡು ಮುಖ ಯಾಕೆ?

ದೀರ್ಘ ಎಲ್ಲಿದೆ ನೋಡಿ, ಉತ್ತರ ಅಲ್ಲೇ ಇದೆ. ಕ್ಯೇರೊ, ಕ್ಯೇರೆಸ್, ಕ್ಯೇರೆ, ಕ್ಯೇರೆನ್ ಎಲ್ಲದರಲ್ಲೂ ಒತ್ತು ಧಾತುವಿನ ಮೇಲೆ ಬಿದ್ದಿದೆ, ಆ ಭಾರಕ್ಕೆ ಸ್ವರ ಒಡೆದು 'ಎ' ಹೋಗಿ 'ಯೇ' ಆಗಿದೆ. ಕೆರೇಮೊಸ್‌ನಲ್ಲಿ ಒತ್ತು ಮುಂದಕ್ಕೆ ಜಾರಿತು, ಸ್ವರ ಹಾಗೇ ಉಳಿಯಿತು. ಪೊದೇರ್ (ಸಾಧ್ಯವಾಗು) ಕೂಡ ಹಾಗೆಯೇ: ಪ್ವೇದೊ, ಪ್ವೇದೆಸ್, ಪ್ವೇದೆ, ಆದರೆ ಪೊದೇಮೊಸ್. ಪೆದೀರ್‌ನಲ್ಲಿ (ಬೇಕೆಂದು ಕೇಳು) 'ಎ' ಹೋಗಿ 'ಈ': ಪೀದೊ, ಆದರೆ ಪೆದೀಮೊಸ್. ಈ ಕಾರಣ ಗೊತ್ತಾದರೆ ಪಟ್ಟಿ ಉರು ಹೊಡೆಯೋ ಕೆಲಸ ಕಮ್ಮಿ.

ನಿಜವಾಗಿ ಉರು ಹೊಡೆಯಬೇಕಾದದ್ದು 'ನಾನು' ರೂಪದಲ್ಲಿ ಮಾತ್ರ ಹಟ ಮಾಡುವ ಗುಂಪು. ತೇಂಗೊ, ಬೇಂಗೊ, ಪೋಂಗೊ, ಸಾಲ್ಗೊ, ಆಗೊ, ದೀಗೊ, ತ್ರಾಯ್ಗೊ, ಕೊನೋಸ್ಕೊ, ಸೆ.

ಎರಡು ಭೂತಕಾಲ ಯಾಕೆ ಬೇಕು?

ನಿಮಗೂ ಎರಡಿವೆ. 'ಮಾತಾಡಿದೆ' ಅಂದರೆ ಅಬ್ಲೇ, 'ಮಾತಾಡುತ್ತಿದ್ದೆ' ಅಂದರೆ ಅಬ್ಲಾಬ. ಆಗಿ ಮುಗಿದದ್ದು ಒಂದು, ನಡೆಯುತ್ತಿದ್ದದ್ದು ಅಥವಾ ರೂಢಿಯಾಗಿದ್ದದ್ದು ಇನ್ನೊಂದು. 'ಪುಸ್ತಕ ಓದುತ್ತಿದ್ದೆ, ಅಷ್ಟರಲ್ಲಿ ತಮ್ಮ ಬಂದ': ಲೆಯೀಯ ಉನ್ ಲೀಬ್ರೊ ಕ್ವಾಂದೊ ಯೆಗೋ ಮಿ ಎರ್ಮಾನೊ. 'ಇತ್ತು' ಬಂದ ಕಡೆಯೂ ಬಹುಪಾಲು ಎರಡನೆಯದೇ, 'ಮನೆ ದೊಡ್ಡದಿತ್ತು' ಅನ್ನಲು ಲ ಕಾಸ ಏರ ಗ್ರಾಂದೆ.

ಪುಸ್ತಕಗಳು 'ಅರ್ಥ ಬದಲಿಸುವ ಕ್ರಿಯಾಪದಗಳು' ಅಂತ ಒಂದು ಪಟ್ಟಿ ಕೊಟ್ಟು ಹೆದರಿಸುತ್ತವೆ. ಕನ್ನಡದಲ್ಲಿ ಇಟ್ಟು ನೋಡಿ. ಸಬೀಯ ಅಂದರೆ ಗೊತ್ತಿತ್ತು, ಸೂಪೆ ಅಂದರೆ ಗೊತ್ತಾಯಿತು. ಕೊನೊಸೀಯ ಅಂದರೆ ಪರಿಚಯವಿತ್ತು, ಕೊನೊಸೀ ಅಂದರೆ ಪರಿಚಯವಾಯಿತು. ಹೆದರೋದಕ್ಕೆ ಏನಿದೆ ಇಲ್ಲಿ?

ತಪ್ಪು ಹಾದಿಗೆ ಎಳೆಯುವುದು ಅವಧಿ ಹೇಳುವ ವಾಕ್ಯ. 'ಮೂರು ವರ್ಷ ಅಲ್ಲಿ ಕೆಲಸ ಮಾಡುತ್ತಿದ್ದೆ' ಅಂತ ನಾವು ಹೇಳುತ್ತೇವೆ, ಆದರೆ ಅಳತೆ ಹಾಕಿ ಮುಗಿಸಿದ ಕಾಲಕ್ಕೆ ಸ್ಪ್ಯಾನಿಷ್‌ನಲ್ಲಿ ಮೊದಲನೆಯ ರೂಪ: ತ್ರಬಹೇ ಅಯೀ ತ್ರೆಸ್ ಆನ್ಯೊಸ್. ಇನ್ನೊಂದು, ಫುಯ್ ಅಂದರೆ 'ಹೋದೆ' ಕೂಡ ಹೌದು, ಸೆರ್‌ನ ಭೂತಕಾಲವೂ ಹೌದು. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಿ.

'ನೊ ತೇಂಗೊ ನಾದ' ಅಂದರೆ ಎರಡು ಸಲ 'ಇಲ್ಲ' ಆಗಲ್ವಾ?

'ನನ್ನ ಹತ್ತಿರ ಏನೂ ಇಲ್ಲ' ಅನ್ನುವಾಗ 'ಏನೂ' ಜೊತೆ 'ಇಲ್ಲ' ಬೇಕೇ ಬೇಕಲ್ಲ, ಅದೇ ಲೆಕ್ಕ. ನೊ ಬ್ಯೇನೆ ನಾದ್ಯೆ, ಯಾರೂ ಬರಲ್ಲ.

ಪೊರ್, ಪಾರ ಎರಡಕ್ಕೂ 'ಗಾಗಿ' ಅಂತ ಬರೆದುಕೊಂಡಿದ್ದೇನೆ, ಗೊಂದಲ.

ಆ ಸಾಲು ಹೊಡೆದು ಹಾಕಿ. ಪಾರ ಮುಂದಕ್ಕೆ ನೋಡುತ್ತದೆ: ಗುರಿ, ಉದ್ದೇಶ, ಪಡೆಯುವವರು, ಗಡುವು. ಎಸ್ ಪಾರ ತಿ, ಇದು ನಿನಗೆ. ಪಾರ ಎಲ್ ಲೂನೆಸ್, ಸೋಮವಾರದ ಹೊತ್ತಿಗೆ. ಪೊರ್ ಹಿಂದಕ್ಕೆ, ಕಾರಣದ ಕಡೆ ನೋಡುತ್ತದೆ: ಗ್ರಾಸ್ಯಸ್ ಪೊರ್ ಲ ಅಯೂದ, ಸಹಾಯ ಮಾಡಿದ್ದಕ್ಕೆ ಥ್ಯಾಂಕ್ಸ್. ದಾರಿ ಮತ್ತು ಬೆಲೆಗೂ ಪೊರ್. ಪೊರ್ ಲ ಮನ್ಯಾನ (ಬೆಳಿಗ್ಗೆ ಹೊತ್ತು) ತರಹದ್ದನ್ನು ಇಡಿಯಾಗಿ ನುಂಗಿ.

ನೀನು, ನೀವು ಹೇಗೆ?

ತು ಅಂದರೆ ನೀನು, ಉಸ್ತೇದ್ ಅಂದರೆ ಗೌರವದ ನೀವು, ಒಬ್ಬರಿಗೆ. ಎಡವುವ ಜಾಗ ಎಂದರೆ ಉಸ್ತೇದ್‌ಗೆ ಕ್ರಿಯಾಪದ 'ಅವನು/ಅವಳು' ರೂಪದ್ದು: ಉಸ್ತೇದ್ ಆಬ್ಲ. ಹಲವರಿಗೆ ಲ್ಯಾಟಿನ್ ಅಮೆರಿಕದಲ್ಲಿ ಸ್ನೇಹಿತರಾದರೂ ದೊಡ್ಡವರಾದರೂ ಉಸ್ತೇದೆಸ್ ಒಂದೇ. ಸ್ಪೇನ್‌ನ ಬಹುಭಾಗದಲ್ಲಿ ಸ್ನೇಹಿತರ ಗುಂಪಿಗೆ ಬೊಸೋತ್ರೊಸ್. ಅರ್ಜೆಂಟೀನಾ, ಉರುಗ್ವೆಯಂಥ ಕಡೆ ತು ಬದಲು ಬೊಸ್, ಅದಕ್ಕೆ ಕ್ರಿಯಾಪದದ ರೂಪವೂ ಬೇರೆ: ಬೊಸ್ ತೆನೇಸ್. ಶುರುವಿನಲ್ಲಿ ಕಿವಿಗೆ ಗೊತ್ತಿದ್ದರೆ ಸಾಕು, ಬಾಯಿಗೆ ತು ಮತ್ತು ಉಸ್ತೇದ್ ಇರಲಿ.

ಉಚ್ಚಾರಕ್ಕೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಒತ್ತಿಗೆ ಜಾಸ್ತಿ, ಮಿಕ್ಕಿದ್ದಕ್ಕೆ ಕಮ್ಮಿ. ನಮ್ಮ ಪ, ತ, ಕ ಉಸಿರಿಲ್ಲದ ಶುದ್ಧ ಅಕ್ಷರಗಳು, ಸ್ಪ್ಯಾನಿಷ್‌ಗೆ ಅವೇ ಬೇಕು. ತ, ದ ಇರುವ ಜಾಗಕ್ಕೆ ಇಂಗ್ಲಿಷ್ ಅಭ್ಯಾಸದಲ್ಲಿ ಟ, ಡ ತರಬೇಡಿ ಅಷ್ಟೇ.

ಒತ್ತಿನ ನಿಯಮ ಸರಳ. ಪದ ಸ್ವರದಲ್ಲಿ, ಅಥವಾ ನ್, ಸ್ ನಲ್ಲಿ ಮುಗಿದರೆ ಕೊನೆಯಿಂದ ಎರಡನೆಯ ಉಚ್ಚಾರಕ್ಕೆ ಒತ್ತು. ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯದಕ್ಕೆ. ಇದನ್ನು ಮುರಿಯುವ ಪದದ ಮೇಲೆ ಓರೆ ಗೆರೆ ಹಾಕಿರುತ್ತಾರೆ. ಆಬ್ಲೊ ಅಂದರೆ ನಾನು ಮಾತಾಡುತ್ತೇನೆ, ಅಬ್ಲೋ ಅಂದರೆ ಅವನು ಮಾತಾಡಿದ. ಪಾಪ ಆಲೂಗಡ್ಡೆ, ಪಪಾ ಅಪ್ಪ. ಪೇರೊ ಅಂದರೆ 'ಆದರೆ', ಪೇರ್ರೊ ಅಂದರೆ ನಾಯಿ, ಅದರಲ್ಲಿ ನಾಲಿಗೆ ಗಡಗಡ ಆಡಬೇಕು.

ಅಕ್ಷರಮಾಲೆಯಲ್ಲಿ 29 ಅಂತ ಹಳೆಯ ಪುಸ್ತಕದಲ್ಲಿದ್ದರೆ ಗಾಬರಿ ಬೇಡ. 2010ರ ಅಧಿಕೃತ ಕಾಗುಣಿತ ಗ್ರಂಥದಲ್ಲಿ ch, ll ಎಂಬ ಎರಡು ಜೋಡಿ ಅಕ್ಷರಗಳನ್ನು ಪಟ್ಟಿಯಿಂದ ತೆಗೆದರು, ಈಗ 27.

ಸಂಖ್ಯೆ, ಗಂಟೆ ಕೇಳಿದಾಗ ತಲೆ ಖಾಲಿಯಾಗುತ್ತದೆ.

11ರಿಂದ 15ರವರೆಗೆ ಒಂದೊಂದಕ್ಕೂ ಬೇರೆ ಹೆಸರು: ಓನ್ಸೆ, ದೋಸೆ, ತ್ರೇಸೆ, ಕತೋರ್ಸೆ, ಕೀನ್ಸೆ. 12 ಅನ್ನು ಕನ್ನಡದವರು ಮರೆಯೋದು ಕಷ್ಟ. 16ರಿಂದ 'ಹತ್ತು ಮತ್ತು ಆರು' ಅನ್ನುವ ಜೋಡಣೆ. ನಿಜವಾದ ತೊಂದರೆ 60 ಮತ್ತು 70: ಸೆಸೇಂತ, ಸೆತೇಂತ. ಬೆಲೆ ಕೇಳುವಾಗ ಮತ್ತೊಮ್ಮೆ ಹೇಳಿಸಿಕೊಳ್ಳಿ, ನಾಚಿಕೆ ಬೇಡ. 500, 700, 900 ಅಡ್ಡದಾರಿಯವು: ಕಿನ್ಯೇಂತೊಸ್, ಸೆತೆಸ್ಯೇಂತೊಸ್, ನೊಬೆಸ್ಯೇಂತೊಸ್.

ಗಂಟೆಗೆ ಸೆರ್. ಒಂದಕ್ಕೆ ಎಸ್ ಲ ಊನ, ಮಿಕ್ಕಿದ್ದಕ್ಕೆ ಸೊನ್: ಸೊನ್ ಲಸ್ ತ್ರೆಸ್ ಇ ಮೇದ್ಯ, ಮೂರೂವರೆ. ವಾರದ ದಿನಕ್ಕೆ 'ಎಲ್' ಹಾಕಿದರೆ ಆ ಸೋಮವಾರ, 'ಲೊಸ್ ಲೂನೆಸ್' ಅಂದರೆ ಪ್ರತಿ ಸೋಮವಾರ.

ದಿನಬಳಕೆಯ ಪದಗಳನ್ನು ಹೇಗೆ ನೆನಪಿಡಲಿ?

ಪಟ್ಟಿಯಾಗಿ ಬೇಡ, ವಾಕ್ಯವಾಗಿ. ಒಂದು ಬೆಳಗನ್ನೇ ತೆಗೆದುಕೊಳ್ಳಿ.

ಮೆ ಲೆಬಾಂತೊ ಅ ಲಸ್ ಸೆಯ್ಸ್. ಮೆ ಲಾಬೊ ಲ ಕಾರ. ತೇಂಗೊ ಆಂಬ್ರೆ, ಪೇರೊ ನೊ ಆಯ್ ಪನ್. ಸಾಲ್ಗೊ ದೆ ಕಾಸ ಅ ಲಸ್ ಓಚೊ. ಎಸ್ತೋಯ್ ಕನ್ಸಾದೊ, ಪೇರೊ ತೇಂಗೊ ಕೆ ತ್ರಬಹಾರ್.

ಆರಕ್ಕೆ ಏಳುತ್ತೇನೆ, ಮುಖ ತೊಳೆದುಕೊಳ್ಳುತ್ತೇನೆ, ಹಸಿವಾಗಿದೆ ಆದರೆ ಬ್ರೆಡ್ ಇಲ್ಲ, ಎಂಟಕ್ಕೆ ಮನೆ ಬಿಡುತ್ತೇನೆ, ಸುಸ್ತಾಗಿದೆ ಆದರೆ ಕೆಲಸ ಮಾಡಬೇಕು. ಹೆಂಗಸರು ಕನ್ಸಾದ ಅನ್ನಬೇಕು. ಈಗ ಇದನ್ನೇ ನಿನ್ನೆಗೆ ತಿರುಗಿಸಿ: ಮೆ ಲೆಬಂತೇ, ಮೆ ಲಬೇ, ತೆನೀಯ ಆಂಬ್ರೆ, ನೊ ಅಬೀಯ ಪನ್, ಸಲೀ ದೆ ಕಾಸ, ಎಸ್ತಾಬ ಕನ್ಸಾದೊ, ತೂಬೆ ಕೆ ತ್ರಬಹಾರ್. ಎದ್ದದ್ದು, ತೊಳೆದದ್ದು, ಹೊರಟದ್ದು ಒಂದು ಕಾಲ. ಹಸಿವು, ಬ್ರೆಡ್ ಇಲ್ಲದಿರುವುದು, ಸುಸ್ತು ಇನ್ನೊಂದು. ಈ ಐದು ಸಾಲು ನಾಲಿಗೆಗೆ ಹತ್ತಿದರೆ ಈ ಪುಟದ ಅರ್ಧ ರಿವಿಷನ್ ಆದಂತೆ. ಆಮೇಲೆ ಒಂದೊಂದೇ ಪದ ಬದಲಿಸಿ: ಬ್ರೆಡ್ ಬದಲು ಲೇಚೆ (ಹಾಲು), ಅರ್ರೋಸ್ (ಅಕ್ಕಿ, ಅನ್ನ), ವೇಬೊಸ್ (ಮೊಟ್ಟೆ).

ಕೆಲವು ಪದಗಳು ಆಗಲೇ ನಿಮ್ಮ ಹತ್ತಿರ ಇವೆ. ಪೋರ್ಚುಗೀಸರ ಮೂಲಕ ಕನ್ನಡಕ್ಕೆ ಬಂದ ಅಲಮಾರು, ಪಾದ್ರಿ, ಬಾಲ್ದಿ, ಚಾವಿ ಇವಕ್ಕೆ ಸ್ಪ್ಯಾನಿಷ್‌ನಲ್ಲಿ ಅರ್ಮಾರ್ಯೊ, ಪಾದ್ರೆ, ಬಾಲ್ದೆ, ಯಾಬೆ ಅನ್ನುವ ನೆಂಟರಿದ್ದಾರೆ. ಪಾದ್ರೆ ಅಂದರೆ ಅಪ್ಪ ಕೂಡ.

ಇಂಗ್ಲಿಷ್‌ನಂತೆ ಕೇಳುವ ಪದಗಳನ್ನು ನಂಬಬಹುದಾ?

ಅರೆಬರೆ. ರೋಪ ಹಗ್ಗ ಅಲ್ಲ, ಬಟ್ಟೆ. ಸೋಪ ಸೋಪು ಅಲ್ಲ, ಸೂಪು. ಲಾರ್ಗೊ ದೊಡ್ಡದು ಅಲ್ಲ, ಉದ್ದ. ಕರ್ಪೇತ ನೆಲಹಾಸು ಅಲ್ಲ, ಫೈಲು. ಲಿಬ್ರೆರೀಯ ಪುಸ್ತಕದ ಅಂಗಡಿ, ಗ್ರಂಥಾಲಯಕ್ಕೆ ಬಿಬ್ಲ್ಯೊತೇಕ. ಏಕ್ಸಿತೊ ಹೊರಬಾಗಿಲಲ್ಲ, ಯಶಸ್ಸು, ಹೊರದಾರಿ ಸಲೀದ. ಮುಜುಗರವಾಯಿತು ಅಂತ ಹೇಳಲು ಎಂಬರಸಾದ ಬಳಸಿದರೆ ನೀವು ಬಸುರಿ ಅಂತ ಅರ್ಥ.

ಸ್ಪೇನ್ ಪದ ಕಲಿಯಲಾ, ಮೆಕ್ಸಿಕೊ ಪದ ಕಲಿಯಲಾ?

ಯಾರ ಜೊತೆ ಮಾತಾಡುತ್ತೀರೋ ಅವರದ್ದು. ಕಂಪ್ಯೂಟರ್ ಸ್ಪೇನ್‌ನಲ್ಲಿ ಒರ್ದೆನದೋರ್, ಮೆಕ್ಸಿಕೊದಲ್ಲಿ ಕೊಂಪುತದೋರ. ಮೊಬೈಲ್ ಸ್ಪೇನ್‌ನಲ್ಲಿ ಮೋಬಿಲ್, ಮೆಕ್ಸಿಕೊದಲ್ಲಿ ಸೆಲುಲಾರ್. ಕಾರು ಕೋಚೆ, ಕಾರ್ರೊ. ಆಲೂಗಡ್ಡೆ ಪತಾತ, ಪಾಪ. ಯಾವುದು ಹೇಳಿದರೂ ಅರ್ಥವಾಗುತ್ತದೆ, ಒಂದನ್ನು ಬಿಟ್ಟು: ಕೊಹೇರ್. ಸ್ಪೇನ್‌ನಲ್ಲಿ ಬಸ್ಸು ಹಿಡಿಯೋದಕ್ಕೆ ಅದನ್ನೇ ಹೇಳುತ್ತಾರೆ, ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅದು ಹಾಸಿಗೆಯ ಅಶ್ಲೀಲ ಮಾತು. ತೊಮಾರ್ ಅನ್ನಿ, ಎರಡೂ ಕಡೆ ನಡೆಯುತ್ತದೆ.

ಅಣ್ಣ, ತಮ್ಮ, ಚಿಕ್ಕಪ್ಪ, ಮಾವ ಇವಕ್ಕೆಲ್ಲ ಏನು?

ಎರ್ಮಾನೊ ಅಂದರೆ ಅಣ್ಣನೂ ಹೌದು ತಮ್ಮನೂ ಹೌದು, ಬೇಕಿದ್ದರೆ ಮಯೋರ್ ಅಥವಾ ಮೆನೋರ್ ಸೇರಿಸಿ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ತೀಯೊ. ಹೆಂಡತಿಯ ಅಥವಾ ಗಂಡನ ಅಪ್ಪ ಮಾತ್ರ ಸ್ವೇಗ್ರೊ.

ಪರೀಕ್ಷೆ ಬರೆಯಬೇಕಾ?

ಕೆಲಸಕ್ಕೋ ಓದಿಗೋ ಸರ್ಟಿಫಿಕೇಟ್ ಬೇಕಿದ್ದರೆ ಬರೆಯಿರಿ. ಸ್ಪೇನ್‌ನ ಸೆರ್ವಾಂಟೆಸ್ ಸಂಸ್ಥೆ ನಡೆಸುವ ಡೆಲೆ ಪರೀಕ್ಷೆ ಎ1ರಿಂದ (ತೀರಾ ಶುರುವಿನದು) ಸಿ2ವರೆಗೆ (ಎಲ್ಲಕ್ಕಿಂತ ಮೇಲಿನದು) ಆರು ಮಟ್ಟದಲ್ಲಿ ಇದೆ, ಪಾಸಾದರೆ ಆ ಸರ್ಟಿಫಿಕೇಟ್‌ಗೆ ಅವಧಿ ಮುಗಿಯೋದು ಅಂತ ಇಲ್ಲ. ಓದು, ಕೇಳು, ಬರೆ, ಮಾತಾಡು ನಾಲ್ಕನ್ನೂ ನೋಡುತ್ತಾರೆ. ಎರಡು ಭೂತಕಾಲಗಳು ಕೈಗೆ ಹತ್ತಿಲ್ಲ ಅಂದರೆ ಎ2ಕ್ಕೆ ದುಡ್ಡು ಕಟ್ಟಬೇಡಿ, ಎ1 ಸಾಕು.